ಮುಳಬಾಗಿಲ ಗುರುಕಥೆಗಳು: ಒಂದು ಪರಂಪರೆಯ ಬೆಳವಣಿಗೆ

ಹದಿನೆಂಟನೆಯ ಶತಮಾನದ ಪೂರ್ವ ಯೂರೋಪಿನಲ್ಲಿ ಬಾಲ್ ಷೆಮ್ ತೋವ್ ಎಂಬ ಯಹೂದಿ ಮಹಾತ್ಮನ ಸುತ್ತ ಬೆಳೆದ ಹಸೀದೀ ಪಂಥವು ತನ್ನ ಧರ್ಮಸಾರವನ್ನು ಶಾಸ್ತ್ರವ್ಯಾಖ್ಯಾನಗಳಲ್ಲಿ ಮಾತ್ರವಲ್ಲದೆ ಗುರುಗಳ ನಡೆನುಡಿಗಳನ್ನು ಕುರಿತ ಕಥೆಗಳಲ್ಲಿಯೂ ಕಾಪಾಡಿಕೊಂಡು ಬಂದಿತು. ಆತನು ದೇಹಬಿಟ್ಟದ್ದು 1760ರಲ್ಲಿ. ಆ ಕಥೆಗಳು ಮೊದಲಿಗೆ ಗ್ರಂಥರೂಪದಲ್ಲಿ ಅಚ್ಚಾದದ್ದು ಅರ್ಧ ಶತಮಾನಕ್ಕೂ ಮಿಕ್ಕ ಕಾಲದ ತರುವಾಯ. ಮಾರ್ಟಿನ್ ಬೂಬರ್ ಎಂಬ ತತ್ತ್ವಜ್ಞನು 1908ರಲ್ಲಿ ಅವನ್ನು ಜರ್ಮನ್ ಭಾಷೆಯಲ್ಲಿ ನಿರೂಪಿಸಿದ ಮೇಲೆ ಹೊರಜಗತ್ತು ಅವನ್ನು ಆಸಕ್ತಿಯಿಂದ ಓದತೊಡಗಿತು. ಆ ಪಂಥದ ಶಿಷ್ಯನೊಬ್ಬನು ತಾನು ಗುರುವಿನ ಬಳಿಗೆ ಹೋದದ್ದು ಶಾಸ್ತ್ರಶ್ರವಣಕ್ಕಾಗಿಯಲ್ಲ, ಆತನು ಪಾದರಕ್ಷೆಯ ದಾರವನ್ನು ಹೇಗೆ ಕಟ್ಟಿಕೊಳ್ಳುವನೆಂಬುದನ್ನು ನೋಡುವುದಕ್ಕಾಗಿ ಎಂದನಂತೆ.

ಇಂಥ ಕಥಾಸಂಪತ್ತು ನಮ್ಮ ಕೋಲಾರದ ಸೀಮೆಯಲ್ಲಿಯೂ ಉಂಟು. ಅದರ ಮೂಲಸ್ಥಾನವು ಮುಳಬಾಗಿಲಿನ ಸಮೀಪದ ನರಸಿಂಹತೀರ್ಥ. ಅದರ ನಾಯಕರು ಅಲ್ಲಿಯೇ ವೃಂದಾವನಸ್ಥರಾದ, ಹದಿನೈದನೆಯ ಶತಮಾನದ ಶ್ರೀಪಾದರಾಜರು. ದ್ವೈತ ವೇದಾಂತದ ನ್ಯಾಯಸುಧೆಯನ್ನು ವಿವರಿಸುವ 'ವಾಗ್ವಜ್ರ'ವೆಂಬ ಪ್ರೌಢ ಸಂಸ್ಕೃತ ಗ್ರಂಥವನ್ನು ಬರೆದ ಯತಿಗಳೇ ರಂಗವಿಠಲನ ಅಂಕಿತದಲ್ಲಿ ಕನ್ನಡ ಪದಗಳನ್ನೂ ರಚಿಸಿದರೆಂಬುದು ಸಾಹಿತ್ಯಚರಿತ್ರೆಗೆ ಸೇರಿದ ಮಾತು. ಆದರೆ ಜನರು ನೆನೆಯುವುದು ಬೇರೊಂದನ್ನು. ಅಬ್ಬೂರಿಗೆ ಹೊರಟ ಸ್ವರ್ಣವರ್ಣತೀರ್ಥರು ದಾರಿಯಲ್ಲಿ ದನ ಕಾಯುತ್ತಿದ್ದ ಬಾಲಕನನ್ನು ಊರು ಎಷ್ಟು ದೂರವೆಂದು ಕೇಳಲು, ಅವನು ಮುಳುಗುವ ಸೂರ್ಯನನ್ನೂ ಇನ್ನೂ ಮೇಯುತ್ತಿರುವ ದನಗಳನ್ನೂ ತನ್ನ ವಯಸ್ಸನ್ನೂ ನೋಡಿ ತಾವೇ ತಿಳಿಯಬೇಕೆಂದು ಉತ್ತರಿಸಿದನು. ಪ್ರಶ್ನೆಯಲ್ಲಿಯೇ ಉತ್ತರವಿರುವುದನ್ನು ಮಗುವಿನಿಂದ ಕಲಿತ ಯತಿಗಳು ಆ ಮಗುವನ್ನೇ ತಮ್ಮ ಪೀಠಕ್ಕೆ ಬಯಸಿದರು; ಅವನೇ ಮುಂದೆ ಶ್ರೀಪಾದರಾಜರಾದದ್ದು.

ಇದಕ್ಕಿಂತಲೂ ಗಹನವಾದುದು ಪೆಟ್ಟಿಗೆಯ ಕಥೆ. ಶ್ರೀಪಾದರಾಜರಿಂದ ತೆರೆಯಲಾಗದಿದ್ದ ದೇವರ ಸಂಪುಟವೊಂದನ್ನು ಶಿಷ್ಯನಾಗಿ ಬಂದ ಯುವಕ ವ್ಯಾಸರಾಯನು ತೆರೆದನೆಂದೂ, ಒಳಗಿದ್ದ ಗೋಪಾಲಕೃಷ್ಣನು ಕುಣಿಯತೊಡಗಲು ಸಾಲಿಗ್ರಾಮಗಳನ್ನೇ ತಾಳವಾಗಿ ಹಿಡಿದು ಅವನು ಹಾಡಿದನೆಂದೂ, ಅದನ್ನು ಕಂಡ ಗುರುಗಳು ಮತ್ಸರವಿಲ್ಲದೆ ಆ ಮೂರ್ತಿಯನ್ನು ಅವನಿಗೇ ಒಪ್ಪಿಸಿದರೆಂದೂ ಪರಂಪರೆಯು ಹೇಳುತ್ತದೆ. ಕಾಶಿಗೆ ಹೋಗಲಾರದ ವೃದ್ಧಾಪ್ಯದಲ್ಲಿ ಗಂಗೆಯೇ ನರಸಿಂಹತೀರ್ಥದ ಕೊಳಕ್ಕೆ ಬಂದಳೆಂಬ ಮಹಿಮೆಯನ್ನು ಭಕ್ತರು ಹೆಚ್ಚು ಕೊಂಡಾಡುತ್ತಾರೆ. ನನಗಾದರೋ ಶಿಷ್ಯನ ಮುಂದೆ ಸೋಲನ್ನು ಒಪ್ಪಿಕೊಂಡ ಗುರುವೇ ದೊಡ್ಡ ಪವಾಡವಾಗಿ ಕಾಣುತ್ತಾನೆ. ಇದೇ ಗುಣವು ಮುಂದೆ ವ್ಯಾಸರಾಯರ ಕಥೆಗಳಿಗೂ ಇಳಿದು, ಕನಕದಾಸರನ್ನು ಮಠದ ಪಂಡಿತರೆದುರು ಎತ್ತಿಹಿಡಿದ ಬಾಳೆಹಣ್ಣಿನ ಪ್ರಸಂಗದಲ್ಲಿ ಮತ್ತೆ ತಲೆದೋರಿತು.

ಈ ಕಥೆಗಳು ಬರೆಹಕ್ಕೆ ಬಂದ ಬಗೆ ಏಕಪ್ರಕಾರವಾದುದಲ್ಲ. ವ್ಯಾಸರಾಯರ ಸಮಕಾಲೀನನಾದ ಸೋಮನಾಥ ಕವಿಯು ಸಂಸ್ಕೃತ ಚಂಪುವಾಗಿ ಬರೆದ 'ವ್ಯಾಸಯೋಗಿಚರಿತ'ದಲ್ಲಿ ಮುಳಬಾಗಿಲ ವಿದ್ಯಾಭ್ಯಾಸವೂ ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನವೂ ಬರುತ್ತವೆ. ಆದರೆ ಅದು ರಾಜಸಭೆಗೆ ಒಪ್ಪುವ ಚರಿತ್ರೆಯೇ ಹೊರತು ಹಜಾರದಲ್ಲಿ ಕುಳಿತು ಹೇಳುವ ಕಥೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ವಿಜಯದಾಸರೂ ಅವರ ಅನುಯಾಯಿಗಳೂ ಹಿಂದಿನವರನ್ನು ಸ್ತುತಿಸುವ ಪದಗಳ ಮೂಲಕ ಈ ನೆನಪಿಗೆ ಭಕ್ತಿಯ ಬಣ್ಣ ಕೊಟ್ಟರು. 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದವನು ಮೋಗ್ಲಿಂಗ್ ಎಂಬ ಪಾದ್ರಿ ಎಂಬುದು ವಿನೋದವೂ ಹೌದು, ಉಪಕಾರವೂ ಹೌದು. 1926ರಲ್ಲಿ ಬಿ. ವೆಂಕೋಬರಾಯರು ಸೋಮನಾಥನ ಕಾವ್ಯವನ್ನು ಪ್ರಕಟಿಸಿದಂದಿನಿಂದ ಶಾಸನ, ಕಾಲನಿರ್ಣಯ, ಮಠಪರಂಪರೆಗಳ ವಿಮರ್ಶೆ ಬಲವಾಯಿತು, ಬಿ. ಎನ್. ಕೆ. ಶರ್ಮರಂಥ ವಿದ್ವಾಂಸರು ದ್ವೈತ ವಾಙ್ಮಯದ ಚರಿತ್ರೆಯನ್ನೇ ಕಟ್ಟಿದರು. ಅವರ ತಕ್ಕಡಿಯಲ್ಲಿ ಕಥೆಯು ಹಗುರವಾದುದು ಸಹಜವೇ. ಅದನ್ನು ಮತ್ತೆ ಕಥೆಯಾಗಿಯೇ ಎತ್ತಿಕೊಂಡವರು ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿಯವರು: 'ಪುರಂದರದಾಸ', 'ಕನಕಣ್ಣ' ನಾಟಕಗಳಲ್ಲಿ ದಾಸರು ಪವಾಡಪುರುಷರಾಗುವ ಮೊದಲು ಮನುಷ್ಯರು.

ಮಠದ ಆವರಣಕ್ಕೆ ಹೊರಗೂ ಈ ವೃಕ್ಷದ ಕೊಂಬೆಗಳು ಹಬ್ಬಿವೆ. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಕೈವಾರದ ನಾರೇಯಣ ತಾತಯ್ಯನವರು, ಸಂಪ್ರದಾಯದಂತೆ 1726ರಲ್ಲಿ ಹುಟ್ಟಿ ನೂರಹತ್ತು ವರ್ಷ ಬಾಳಿದವರು, ಬಳೆ ಮಾರಿ ಜೀವಿಸಿದರು. ಬಾಯಲ್ಲಿಟ್ಟ ಬೆಣಚುಕಲ್ಲು ಕಲ್ಲುಸಕ್ಕರೆಯಾಗುವವರೆಗೆ ಜಪಿಸೆಂದು ಗುರುವು ವಿಧಿಸಿದ ಕಥೆಯನ್ನು ತೆಲುಗು ಕನ್ನಡಗಳೆರಡನ್ನೂ ಆಡುವ ಈ ಸೀಮೆಯ ಜನ ಎರಡು ಭಾಷೆಗಳಲ್ಲಿಯೂ ಹೇಳುತ್ತಾರೆ. ಪದಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುವ ಶ್ರದ್ಧೆಯಿಂದಲೇ ಕಥೆಗಳ ಪಾಠಾಂತರಗಳನ್ನೂ ಗುರುತಿಸಬೇಕಾಗಿದೆ: ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ತೆಲುಗಿನಲ್ಲಿ ಹೇಳುವ ಅಜ್ಜಿಯ ಕಥೆಗೂ ಜ್ಯೇಷ್ಠ ಶುದ್ಧ ಚತುರ್ದಶಿಯ ಆರಾಧನೆಯಂದು ನರಸಿಂಹತೀರ್ಥದಲ್ಲಿ ವಿದ್ವಾಂಸರು ಹೇಳುವ ಕಥೆಗೂ ಎಲ್ಲಿ ಭೇದ, ಯಾರ ಬಾಯಲ್ಲಿ ಗುರುವು ಗೆಲ್ಲುತ್ತಾನೆ, ಯಾರ ಬಾಯಲ್ಲಿ ಶಿಷ್ಯನು ಗೆಲ್ಲುತ್ತಾನೆ ಎಂಬುದನ್ನು ಊರು, ಕಾಲ, ಹೇಳಿದವರ ವಿವರದೊಡನೆ ಬರೆದಿಡುವ ಕೆಲಸಕ್ಕೆ ಮುಳಬಾಗಿಲೇ ತಕ್ಕ ಆರಂಭಸ್ಥಾನ.