ಅಂಬ್ರೆಲ್ಲಾ ವಿಮೆ: ಒಂದು ಕೊಡೆಯ ಇತಿಹಾಸ

ಈ ವರ್ಷ ನನ್ನ ಕ್ಲಿನಿಕ್ಕಿಗೆ ಬಿಸಿನೆಸ್ ಅಂಬ್ರೆಲ್ಲಾ ಇನ್ಷೂರೆನ್ಸ್ ಕೊಳ್ಳೋಣವೆಂದು ಏಜೆಂಟರಿಗೆ ಫೋನ್ ಮಾಡಿದೆ. ಕೋಟ್ ಕೊಡುವ ಮೊದಲು ಅವರು ಕೇಳಿದ ಕಾಗದಪತ್ರಗಳ ಪಟ್ಟಿ ನೋಡಿ, ರೆಸಿಡೆನ್ಸಿಗೆ ಅರ್ಜಿ ಹಾಕಿದ ದಿನಗಳು ನೆನಪಾದವು! ಈಗಿರುವ ಪಾಲಿಸಿಗಳ ಪ್ರತಿ, ಹಿಂದಿನ ಐದು ವರ್ಷಗಳ ಕ್ಲೇಮುಗಳ ವರದಿ, ನೌಕರರ ಒಟ್ಟು ಸಂಬಳ, ಕೆಲಸದ ಮೇಲೆ ಯಾರು ಯಾವ ಕಾರು ಓಡಿಸುತ್ತಾರೆ - ಇಷ್ಟೆಲ್ಲ ಏಕೆ? ಕುತೂಹಲದಿಂದ ಒಂದಿಷ್ಟು ಓದಿದೆ. ಕ್ಲಿನಿಕ್, ಮೋಟೆಲ್, ಅಂಗಡಿ ನಡೆಸುವ ನಮ್ಮ ಸದಸ್ಯರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ತಂದೆಯವರಿಗೆ ವಿಮೆಯೆಂದರೆ 1956ರಲ್ಲಿ ಹುಟ್ಟಿದ ಎಲ್.ಐ.ಸಿ. ಕಂತು ಕಟ್ಟಿ, ರಸೀದಿಯನ್ನು ಟ್ರಂಕಿನಲ್ಲಿಟ್ಟರೆ ಮುಗಿಯಿತು. ನಮ್ಮಿಂದ ಬೇರೆಯವರಿಗಾಗುವ ನಷ್ಟಕ್ಕೂ ವಿಮೆ ಇಳಿಸಬೇಕೆಂಬುದು ಅವರು ಕೇಳದ ಮಾತು.

ಪಶ್ಚಿಮದಲ್ಲೂ ಇದು ತಡವಾಗಿಯೇ ಬಂತು. ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಎಂಬ ಆಳು ಮಾಂಸದಂಗಡಿಯವನ ಗಾಡಿಯಲ್ಲಿ ಹೋಗುತ್ತಿದ್ದಾಗ, ಅತಿಯಾಗಿ ಹೊರೆ ಹೇರಿದ್ದ ಗಾಡಿ ಮುರಿದು ಅವನ ತೊಡೆಯ ಮೂಳೆ ಮುರಿಯಿತು. ಧಣಿ ಹೊಣೆಗಾರನಲ್ಲ ಎಂದು 1837ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹೊಣೆಯೇ ಇಲ್ಲದ ಮೇಲೆ ವಿಮೆಯೇಕೆ? 1880ರಲ್ಲಿ ಪಾರ್ಲಿಮೆಂಟು ಮಾಲೀಕರ ಹೊಣೆಗಾರಿಕೆಯ ಕಾಯಿದೆ ತಂದಿತು. ಅದೇ ವರ್ಷ ಆ ಹೊಣೆಗೆ ವಿಮೆ ಮಾರುವ ಕಂಪನಿಯೂ ಲಂಡನ್ನಿನಲ್ಲಿ ಹುಟ್ಟಿತು.

ಅಮೆರಿಕದಲ್ಲಿ ಮೋಟಾರು ಕಾರಿನ ಹೊಣೆಗೆ ವಿಮೆ ಕೊಂಡ ಮೊದಲಿಗರಲ್ಲಿ ಒಬ್ಬರು ನಮ್ಮ ವೃತ್ತಿಯವರೇ: ಬಫಲೋ ನಗರದ ಡಾ. ಟ್ರೂಮನ್ ಮಾರ್ಟಿನ್, 1898ರಲ್ಲಿ. ಆಗ ರಸ್ತೆಯ ತುಂಬ ಕುದುರೆಗಳು! ಮುಂದೆ ಲಿಫ್ಟಿಗೊಂದು, ಕಟ್ಟಡಕ್ಕೊಂದು, ಸರಕಿಗೊಂದು ಎಂದು ಪಾಲಿಸಿಗಳು ಬೆಳೆದವು. 1940ರ ದಶಕದ ಆರಂಭದಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ 'ಕಾಂಪ್ರಿಹೆನ್ಸಿವ್ ಜನರಲ್ ಲಯಬಿಲಿಟಿ' ಎಂಬ ಒಂದೇ ನಮೂನೆ ಮಾಡಿದರು.

ಆದರೂ ಒಂದು ಮಿತಿ ಇದ್ದೇ ಇತ್ತು. 1947ರಲ್ಲಿ ಟೆಕ್ಸಸ್ ಸಿಟಿ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ತುಂಬಿದ್ದ ಹಡಗು ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು. ಅಂಥ ಅನಾಹುತಕ್ಕೆ ಸಾಮಾನ್ಯ ಪಾಲಿಸಿ ಎಲ್ಲಿ ಸಾಕಾದೀತು? 1940ರ ದಶಕದ ಕೊನೆಯ ಹೊತ್ತಿಗೆ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆ ಅಮೆರಿಕದ ದೊಡ್ಡ ಕಂಪನಿಗಳಿಗೆ, ಇರುವ ಪಾಲಿಸಿಗಳ ಮೇಲೆ ಬಿಚ್ಚುವ ಈ ದೊಡ್ಡ ಕೊಡೆಯನ್ನು ಮಾರತೊಡಗಿತ್ತು.

ಕೊಡೆ ಸದಾ ಸಿಗುತ್ತದೆಂದಲ್ಲ. 1985-86ರ ಬಿಕ್ಕಟ್ಟಿನಲ್ಲಿ ಪ್ರೀಮಿಯಂ ವಿಪರೀತ ಏರಿತು. ಅನೇಕರಿಗೆ ವಿಮೆಯೇ ಸಿಗಲಿಲ್ಲ. 1986ರ ಹೊಸ ನಮೂನೆಯಲ್ಲಿ 'ಕಾಂಪ್ರಿಹೆನ್ಸಿವ್' ಎಂಬ ಪದವನ್ನೇ ತೆಗೆದು 'ಕಮರ್ಷಿಯಲ್' ಎಂದು ಹಾಕಿದರು. ಎಲ್ಲವೂ ಅಡಕವಾಗಿದೆ ಎಂದು ಯಾರೂ ಭ್ರಮಿಸಬಾರದಲ್ಲ!

ಆ ಭ್ರಮೆ ನನಗೂ ಇತ್ತು. ಕೆಲವು ವರ್ಷಗಳ ಹಿಂದೆ ನಮ್ಮ ನರ್ಸ್ ರಕ್ತದ ಸ್ಯಾಂಪಲ್‌ಗಳನ್ನು ಲ್ಯಾಬಿಗೆ ತಲುಪಿಸಲು ತನ್ನ ಸ್ವಂತ ಕಾರಿನಲ್ಲಿ ಹೋಗುತ್ತಿದ್ದಾಗ ಸೈಕಲ್ ಸವಾರರೊಬ್ಬರಿಗೆ ಡಿಕ್ಕಿಯಾಯಿತು. ಅವರ ತೊಡೆಯ ಮೂಳೆಯೇ ಮುರಿಯಿತು. ದಾವೆಯಲ್ಲಿ ಆಕೆಯ ಜೊತೆ ನನ್ನ ಕ್ಲಿನಿಕ್ಕಿನ ಹೆಸರೂ ಇತ್ತು. ಕಳಿಸಿದವನು ನಾನೇ ತಾನೆ? ನೌಕರರ ಕಾರಿನ ಬಾಬತ್ತು ನನ್ನ ಪಾಲಿಸಿಯಲ್ಲಿ ಇರಲಿಲ್ಲ. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣಕ್ಕೆ ಕೈ ಹಾಕಬೇಕಾಯಿತು. ಗಾಯಗೊಂಡವರಿಗೆ ಪರಿಹಾರ ಸಿಕ್ಕಿದ್ದು ನ್ಯಾಯವೇ. ಸಿದ್ಧನಿಲ್ಲದಿದ್ದುದು ನನ್ನ ತಪ್ಪು.

ಈಗ ಏಜೆಂಟರ ಪಟ್ಟಿ ಅರ್ಥವಾಗುತ್ತದೆ. ಅಂಬ್ರೆಲ್ಲಾ ನಿಲ್ಲುವುದು ಕೆಳಗಿನ ಪಾಲಿಸಿಗಳ ಮೇಲೆ. ಅವುಗಳ ಮೊತ್ತ ಕಂಪನಿ ಕೇಳಿದ್ದಕ್ಕಿಂತ ಕಡಿಮೆಯಿದ್ದರೆ ನಡುವಿನ ಅಂತರ ನಮ್ಮ ಜೇಬಿಗೇ ಬರುತ್ತದೆ. ಎಲ್ಲದರ ನವೀಕರಣದ ದಿನಾಂಕವೂ ಒಂದೇ ಇದ್ದರೆ ಕ್ಷೇಮ. ಹಳೆಯ ಕ್ಲೇಮು ಮುಚ್ಚಿಟ್ಟರೆ ಪಾಲಿಸಿಯೇ ರದ್ದಾದೀತು. ವೈದ್ಯ ಮಿತ್ರರೇ, ಮಾಲ್‌ಪ್ರಾಕ್ಟೀಸ್ ಸಾಮಾನ್ಯವಾಗಿ ಈ ಕೊಡೆಯ ಕೆಳಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. 1975ರ ಸುಮಾರಿಗೆ ಆ ವಿಮೆಯೇ ಸಿಗದಾದಾಗ ಹಲವು ರಾಜ್ಯಗಳಲ್ಲಿ ವೈದ್ಯರೇ ಸೇರಿ ಸ್ವಂತ ಕಂಪನಿ ಕಟ್ಟಿಕೊಂಡರು.

ಬೆಂಕಿ ಬಿದ್ದಾಗ ಬಾವಿ ತೋಡಿದವನ ಅನುಭವ ಇದು. ನನ್ನ ಪಟ್ಟಿಯ ಪ್ರತಿ ಬೇಕಾದವರು ದೀಪಾವಳಿ ಕಾರ್ಯಕ್ರಮದಲ್ಲಿ ಕೇಳಿ, ಸಂತೋಷದಿಂದ ಕೊಡುತ್ತೇನೆ.