ಸವಕಳಿ: ವಿಲ್ಲಿ ನೆಲ್ಸನ್ ಗಿಟಾರಿನ ಎರಡನೇ ತೂತು

ಭಾಗ 1/6

ಮೊದಲು ಫೋಟೋ ಝೂಮ್ ಮಾಡಿ ನೋಡಿ. ತಂತಿಗಳ ಕೆಳಗಿನ ದುಂಡನೆಯ ತೂತು ಇಂಥ ಗಿಟಾರುಗಳಲ್ಲಿ ಸಾಮಾನ್ಯವಾಗಿ ಇರುತ್ತೆ, ಅದನ್ನ ಬಿಡಿ. ಅದರ ಪಕ್ಕದಲ್ಲೇ ಅಂಕುಡೊಂಕಾಗಿ ಇನ್ನೊಂದಿದೆ, ಕಾಣ್ತಾ? ಅದನ್ನ ಯಾರೂ ಕೊರೆದಿಲ್ಲ. ಒಬ್ಬ ಮನುಷ್ಯನ ಬಲಗೈ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಮರವೇ ಸವೆದುಹೋಗಿದೆ.

ಈ ಗಿಟಾರಿಗೆ ಒಂದು ಹೆಸರಿದೆ: ಟ್ರಿಗರ್. ಹಳೇ ಕೌಬಾಯ್ ಸಿನಿಮಾಗಳ ಹೀರೋ ರಾಯ್ ರೋಜರ್ಸ್ ಕುದುರೆಯ ಹೆಸರು ಅದು. ಗಿಟಾರಿನ ಯಜಮಾನರು ವಿಲ್ಲಿ ನೆಲ್ಸನ್, ಅಮೆರಿಕದ ಕಂಟ್ರಿ ಸಂಗೀತದ ಹಿರಿಯ ತಲೆ. ತೊಂಬತ್ತು ದಾಟಿದ ಮೇಲೂ ಇದೇ ಗಿಟಾರ್ ಹಿಡಿದು ವೇದಿಕೆ ಹತ್ತಿದವರು.

ಇವರ ಬಗ್ಗೆ ಯಾರನ್ನಾದರೂ ಕೇಳಿ. ಎರಡು ಜಡೆ ಅಂತಾರೆ, ತಲೆಗೆ ಕಟ್ಟಿದ ಕೆಂಪು ಬಟ್ಟೆ ಅಂತಾರೆ, ಗಾಂಜಾ ಅಂತಾರೆ. ಸ್ವಲ್ಪ ತಿಳಿದವರು ‘ದೊಡ್ಡ ಗಾಯಕ, ಅದಕ್ಕಿಂತ ದೊಡ್ಡ ಗೀತರಚನೆಕಾರ’ ಅಂತಾರೆ. ‘ಗಿಟಾರ್ ವಾದಕ’ ಅನ್ನೋ ಮಾತು ಬರೋದು ಕೊನೆಗೆ, ಬಂದರೆ. ನನ್ನ ಪ್ರಕಾರ ಅದು ಮೊದಲ ಸಾಲಲ್ಲೇ ಬರಬೇಕು. ಯಾಕೆ ಅಂತ ಈ ಆರು ಭಾಗದಲ್ಲಿ ಹೇಳ್ತೀನಿ.

ಬಿಕಾಂ ಓದೋರಿಗೆ ಒಂದು ಮಾತು. ಡಿಪ್ರಿಸಿಯೇಷನ್‌ಗೆ ನಮ್ಮ ಕನ್ನಡ ಪುಸ್ತಕದಲ್ಲಿ ‘ಸವಕಳಿ’ ಅಂತ ಇದೆ. ಬಳಸಿದಷ್ಟೂ ಸವೆಯುತ್ತೆ, ಸವೆದಷ್ಟೂ ಬೆಲೆ ಇಳಿಯುತ್ತೆ. ಆ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 2/6

ವಿಲ್ಲಿ ಹುಟ್ಟಿದ್ದು 1933ರ ಏಪ್ರಿಲ್‌ನಲ್ಲಿ, ಟೆಕ್ಸಾಸ್ ರಾಜ್ಯದ ಆಬಟ್ ಅನ್ನೋ ಪುಟ್ಟ ಊರಲ್ಲಿ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಜನ ಕೆಲಸ ಕಳ್ಕೊಂಡಿದ್ದ ಕಾಲ ಅದು. ಅಪ್ಪ ಅಮ್ಮ ಬೇರೆ ಬೇರೆ ದಾರಿ ಹಿಡಿದರು. ಈ ಹುಡುಗನನ್ನೂ ಅಕ್ಕ ಬಾಬಿಯನ್ನೂ ಸಾಕಿದ್ದು ಅಜ್ಜ, ಅಜ್ಜಿ. ಅಜ್ಜ ಕಮ್ಮಾರ. ಕಬ್ಬಿಣ ಬಡಿಯೋ ಕೈಯಲ್ಲೇ ಆರು ವರ್ಷದ ಮೊಮ್ಮಗನಿಗೆ ಗಿಟಾರ್ ಕೊಟ್ಟರು. ಬಾಬಿ ಪಿಯಾನೊ ಕಲಿತರು. ಮುಂದೆ 2022ರಲ್ಲಿ ತೀರಿಕೊಳ್ಳೋವರೆಗೂ ಅವರು ತಮ್ಮನ ಬ್ಯಾಂಡಿನ ಪಿಯಾನೊ ವಾದಕಿ.

ಈಗ ಈ ಹುಡುಗನ ಕಿವಿಗೆ ಏನೇನು ಬಿತ್ತು ನೋಡಿ. ಹತ್ತಿ ಬಿಡಿಸೋ ಹೊಲದಲ್ಲಿ ಮೆಕ್ಸಿಕನ್ ಕೂಲಿಕಾರರ ಹಾಡು, ಆಫ್ರಿಕನ್ ಅಮೆರಿಕನ್ ಕೂಲಿಕಾರರ ಬ್ಲೂಸ್. ಭಾನುವಾರ ಚರ್ಚಿನ ಹಾಡು. ರೇಡಿಯೋದಲ್ಲಿ ಬಾಬ್ ವಿಲ್ಸ್, ಅಂದ್ರೆ ಕಂಟ್ರಿಗೆ ಜಾಝ್ ಬೆರೆಸಿದ ವೆಸ್ಟರ್ನ್ ಸ್ವಿಂಗ್. ಸಾಲದ್ದಕ್ಕೆ ಆ ಭಾಗದಲ್ಲಿ ನೆಲೆಸಿದ್ದ ಚೆಕ್ ಜನರ ಪೋಲ್ಕಾ ಬ್ಯಾಂಡ್. ಹುಡುಗ ಗಿಟಾರ್ ಹಿಡಿದು ಮೊದಲು ದುಡ್ಡು ನೋಡಿದ್ದು ಆ ಪೋಲ್ಕಾ ಬ್ಯಾಂಡ್‌ನಲ್ಲೇ.

ಇವೆಲ್ಲದರ ಮೇಲೆ ಇನ್ನೊಬ್ಬರಿದ್ದಾರೆ: ಜಾಂಗೋ ರೈನ್‌ಹಾರ್ಟ್. 1910ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ರೋಮಾ ಜನಾಂಗದ ಗಿಟಾರಿಸ್ಟ್. 1928ರಲ್ಲಿ ಮನೆಯಾಗಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಮುರುಟಿದವು. ಉಳಿದ ಬೆರಳಲ್ಲೇ ಹೊಸದಾಗಿ ನುಡಿಸೋದು ಕಲಿತು ಯುರೋಪಿನ ಜಾಝ್ ಗಿಟಾರಿಗೇ ದಾರಿ ಹಾಕಿದರು. ತಮ್ಮ ಮೆಚ್ಚಿನ ಗಿಟಾರಿಸ್ಟ್ ಜಾಂಗೋ ಅಂತ ವಿಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಜಾಂಗೋ ಬರೆದ ‘ನ್ಯೂಆಜ್’ ಅನ್ನೋ ರಾಗ ಇವರ ಕಚೇರಿಗಳಲ್ಲಿ ಎಷ್ಟೋ ಸಲ ಬರುತ್ತೆ.

ಹಾಗಾಗಿ ‘ಕಂಟ್ರಿ ಗಾಯಕ, ನಾಲ್ಕು ಕಾರ್ಡ್ ಬಾರಿಸ್ತಾರೆ’ ಅಂತ ತಳ್ಳಿಹಾಕೋ ಹಾಗಿಲ್ಲ. ಈ ಕೈಯಲ್ಲಿ ಮೆಕ್ಸಿಕೋ ಇದೆ, ಬ್ಲೂಸ್ ಇದೆ, ಪ್ಯಾರಿಸ್ಸಿನ ಜಾಝ್ ಕೂಡ ಇದೆ.

ಭಾಗ 3/6

ಹಾಗಾದ್ರೆ ಜನರಿಗೆ ಯಾಕೆ ಗೊತ್ತಾಗಲಿಲ್ಲ? ಉತ್ತರ ನ್ಯಾಶ್‌ವಿಲ್‌ನಲ್ಲಿದೆ.

1960ರಲ್ಲಿ ವಿಲ್ಲಿ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದರು. ಅಷ್ಟೊತ್ತಿಗೆ ಕೈ ಎಷ್ಟು ಖಾಲಿಯಾಗಿತ್ತು ಅಂದ್ರೆ ‘ನೈಟ್ ಲೈಫ್’ ಹಾಡಿನ ಹಕ್ಕನ್ನೇ 150 ಡಾಲರಿಗೆ ಮಾರಿದ್ದರು, ‘ಫ್ಯಾಮಿಲಿ ಬೈಬಲ್’ ಹಾಡನ್ನ 50 ಡಾಲರಿಗೆ. 1961ರಲ್ಲಿ ಅದೃಷ್ಟ ತಿರುಗಿತು. ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’, ಫ್ಯಾರನ್ ಯಂಗ್ ಹಾಡಿದ ‘ಹಲೋ ವಾಲ್ಸ್’ ಎರಡೂ ಗೆದ್ದವು, ಎರಡೂ ಇವರು ಬರೆದದ್ದೇ. ಅಲ್ಲಿಗೆ ಹಣೆಪಟ್ಟಿ ಬಿತ್ತು: ಇವರು ಬರೆಯೋರು. ಆಮೇಲೆ ರೇ ಪ್ರೈಸ್ ಅವರ ಬ್ಯಾಂಡ್ ಸೇರಿದರು. ಅಲ್ಲಿ ಸಿಕ್ಕಿದ್ದು ಗಿಟಾರ್ ಜಾಗವಲ್ಲ, ಬೇಸ್!

ನ್ಯಾಶ್‌ವಿಲ್ ಆಗ ಒಂದು ಫ್ಯಾಕ್ಟರಿ ಥರ. ಕೆಲಸ ಹಂಚಿಕೆ ಪಕ್ಕಾ. ಒಬ್ಬರು ಬರೀಬೇಕು, ಒಬ್ಬರು ಹಾಡಬೇಕು, ಸ್ಟುಡಿಯೋದಲ್ಲಿ ನುಡಿಸೋಕೆ ಅಂತಲೇ ನುರಿತ ವಾದಕರ ತಂಡ. ಹಾಡಿನ ಹಿಂದೆ ಪಿಟೀಲುಗಳ ಸಾಲು, ಕೋರಸ್. ಗಾಯಕ ಮೈಕ್ ಮುಂದೆ ನಿಂತು ಹಾಡಿದರೆ ಸಾಕು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ಜಾಣ ವ್ಯವಸ್ಥೆ: ಸಮಯ ಉಳಿಯುತ್ತೆ, ತಪ್ಪು ಕಡಿಮೆ. ಆದ್ರೆ ವಿಲ್ಲಿಯಂಥವರಿಗೆ ಅದು ಕೈ ಕಟ್ಟಿದ ಹಾಗೆ. ಅವರ ಹಾಡು, ಗಿಟಾರ್ ಎರಡೂ ಒಂದೇ ಉಸಿರಲ್ಲಿ ಬರೋದು. ಬಿಡಿಸಿ ಇಟ್ಟರೆ ಎರಡೂ ಅರ್ಧ.

1960ರ ದಶಕ ಪೂರ್ತಿ ಅವರು ದಾಖಲೆ ಮಾಡಿದ ಆಲ್ಬಮ್‌ಗಳು ದೊಡ್ಡದಾಗಿ ಗೆಲ್ಲಲಿಲ್ಲ. ಸೋತದ್ದು ಗಾಯಕ ಅಂತ ಎಲ್ಲರೂ ಅಂದುಕೊಂಡರು. ಗಿಟಾರಿಸ್ಟ್ ಕಥೆ ಇನ್ನೂ ಶುರುವೇ ಆಗಿರಲಿಲ್ಲ.

ಭಾಗ 4/6

1969. ಟೆಕ್ಸಾಸ್‌ನ ಹೆಲೋಟಿಸ್ ಊರಲ್ಲಿ ಕಾರ್ಯಕ್ರಮ. ಕೆಳಗಿಟ್ಟಿದ್ದ ವಿಲ್ಲಿಯ ಬಾಲ್ಡ್‌ವಿನ್ ಗಿಟಾರ್ ಮೇಲೆ ಕುಡಿದ ಒಬ್ಬ ಆಸಾಮಿ ಕಾಲಿಟ್ಟ. ಮುರೀತು. ರಿಪೇರಿಗೆ ಅಂತ ನ್ಯಾಶ್‌ವಿಲ್‌ನ ಶಾಟ್ ಜಾಕ್ಸನ್ ಹತ್ತಿರ ಹೋಯ್ತು. ‘ಇದು ಇನ್ನು ಆಗಲ್ಲ, ನನ್ನ ಹತ್ತಿರ ಮಾರ್ಟಿನ್ ಕಂಪನಿಯ ಎನ್-20 ಒಂದಿದೆ’ ಅನ್ನೋ ಸುದ್ದಿ ಬಂತು. ಬೆಲೆ 750 ಡಾಲರ್. ವಿಲ್ಲಿ ಕಣ್ಣಲ್ಲೂ ನೋಡದೆ ಫೋನಲ್ಲೇ ಆಯ್ತು ಅಂದರು. ಮುರಿದ ಗಿಟಾರಿನ ಪಿಕಪ್ ತೆಗೆದು ಹೊಸದಕ್ಕೆ ಕೂರಿಸಿದರು. ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸೋ ಭಾಗ ಅದು.

ಗಿಟಾರ್ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಂಟ್ರಿ ಸಂಗೀತದಲ್ಲಿ ಸಾಮಾನ್ಯವಾಗಿ ಬಳಸೋದು ಸ್ಟೀಲ್ ತಂತಿಯ ಗಿಟಾರ್, ಝಣ್ ಅನ್ನೋ ದನಿ. ಎನ್-20 ಹಾಗಲ್ಲ, ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್, ಬೆರಳಲ್ಲಿ ಮೆತ್ತಗೆ ನುಡಿಸೋಕೆ ಮಾಡಿದ್ದು. ಪಿಕ್ ತಾಗಿ ಮರ ಹಾಳಾಗದಿರಲಿ ಅಂತ ಬೇರೆ ಗಿಟಾರುಗಳಿಗೆ ಒಂದು ತಗಡಿನಂಥ ರಕ್ಷಣೆ ಅಂಟಿಸಿರ್ತಾರೆ. ಇದಕ್ಕೆ ಅದಿಲ್ಲ, ಯಾಕಂದ್ರೆ ಇದನ್ನ ಪಿಕ್‌ನಲ್ಲಿ ಯಾರೂ ನುಡಿಸಲ್ಲ. ಈ ತಾತ ನುಡಿಸಿದರು, ಅದೂ ಜೋರಾಗಿ! ಎರಡನೇ ತೂತು ಬಂದದ್ದು ಹೀಗೆ.

ದನಿಯೂ ಹಾಗೇ ಬಂತು. ಮೃದು ತಂತಿ, ಒರಟು ಕೈ. ಸ್ಪ್ಯಾನಿಷ್ ಗಿಟಾರಿನ ಬೆಚ್ಚಗಿನ ನಾದ, ಅದರ ತುದಿಯಲ್ಲಿ ಸ್ವಲ್ಪ ಗೊರಗೊರ. ಎರಡು ಸ್ವರ ಕೇಳಿದರೆ ಸಾಕು, ಇದು ವಿಲ್ಲಿ ಅಂತ ಹೇಳಬಹುದು. ಎಷ್ಟು ಗಿಟಾರಿಸ್ಟ್‌ಗಳ ಬಗ್ಗೆ ಹೀಗೆ ಹೇಳೋಕೆ ಆಗುತ್ತೆ?

ಆ ಹೊತ್ತಿನಲ್ಲೇ ಟೆನೆಸಿಯಲ್ಲಿದ್ದ ಅವರ ಮನೆಗೆ ಬೆಂಕಿ ಬಿತ್ತು. ಉರೀತಿರೋ ಮನೆಯೊಳಗೆ ನುಗ್ಗಿ ಅವರು ಟ್ರಿಗರನ್ನ ಹೊರಗೆ ತಂದರು. ಆಮೇಲೆ ನ್ಯಾಶ್‌ವಿಲ್ ಬಿಟ್ಟು ತವರು ಟೆಕ್ಸಾಸ್‌ಗೆ ವಾಪಸ್.

ಭಾಗ 5/6

1975ರಲ್ಲಿ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಮ್ ಬಂತು. ಈ ಸಲ ಎಲ್ಲಾ ತೀರ್ಮಾನ ಅವರದೇ. ಪಿಟೀಲುಗಳ ಸಾಲಿಲ್ಲ, ಕೋರಸ್ಸಿಲ್ಲ. ಖರ್ಚು ಸುಮಾರು 4,000 ಡಾಲರ್ ಅಷ್ಟೇ. ಕೇಳಿದ ಕಂಪನಿಯವರಿಗೆ ಇದು ಮುಗಿದ ಆಲ್ಬಮ್ಮೋ, ಬರೀ ಡೆಮೋನೋ ಅನ್ನೋ ಅನುಮಾನ. ಅದರಲ್ಲಿದ್ದ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯ್ತು. ಗಾಯಕನಾಗಿ ವಿಲ್ಲಿಗೆ ಅದು ಮೊದಲ ನಂಬರ್ ಒನ್. ಆಗ ವಯಸ್ಸು 42.

ಈ ಹಾಡು ಮೊದಲ ಸಲ ಕೇಳಿದಾಗ ನಾನು ಏನಂದೆ ಗೊತ್ತಾ? ‘ಇದೇನು ಸೋಲೋ ಗುರು, ನಾನೂ ನುಡಿಸ್ತೀನಿ!’ ಅಂತ. ರೂಮಿಗೆ ಬಂದು ಗಿಟಾರ್ ಎತ್ಕೊಂಡೆ. ಸ್ವರಗಳು ಹತ್ತು ನಿಮಿಷದಲ್ಲಿ ಸಿಕ್ಕವು. ಎರಡು ವಾರ ಆದರೂ ಹಾಡು ಸಿಗಲಿಲ್ಲ. ನಾನು ನುಡಿಸಿದ್ದು ನೋಟ್ಸ್ ಓದಿ ಒಪ್ಪಿಸಿದ ಹಾಗಿತ್ತು, ಅವರು ನುಡಿಸಿದ್ದು ಮಾತಾಡಿದ ಹಾಗೆ.

ನೀವೇ ಪರೀಕ್ಷೆ ಮಾಡಿ. ಇಯರ್‌ಫೋನ್ ಹಾಕ್ಕೊಂಡು ಕಾಲಲ್ಲಿ ತಾಳ ಹಾಕಿ. ತಾಳ ಬಿದ್ದ ಜಾಗದಲ್ಲೇ ಸ್ವರ ಬರಲ್ಲ. ಒಂದು ಚೂರು ತಡವಾಗಿ ಬರುತ್ತೆ, ಇಲ್ಲಾ ಮೊದಲೇ ನುಗ್ಗಿಬಿಡುತ್ತೆ. ‘ತಾಳ ತಪ್ಪಿತು’ ಅನ್ನೋಷ್ಟರಲ್ಲಿ ಸಾಲಿನ ಕೊನೆಗೆ ಸರಿಯಾಗಿ ಬಂದು ಕೂರುತ್ತೆ. ಅವರ ಹಾಡುಗಾರಿಕೆಯಲ್ಲೂ ಇದೇ ಚಾಳಿ. ಅದನ್ನ ಎಲ್ಲರೂ ಹೊಗಳ್ತಾರೆ. ಕೈ ಅದೇ ಮಾಡಿದರೆ ಮಾತ್ರ ತಪ್ಪು ಅಂತಾರೆ!

ವೇದಿಕೆ ಮೇಲೆ ಸ್ವರ ಜಾರೋದು, ತಂತಿ ಕಿರುಗುಟ್ಟೋದು ಉಂಟು, ಇಲ್ಲ ಅನ್ನಲ್ಲ. ಆದ್ರೆ ಕೈ ಇರೋರಿಗೆ ಈ ಕೈ ಏನು ಅಂತ ಗೊತ್ತಿತ್ತು. ನ್ಯಾಶ್‌ವಿಲ್ ಸ್ಟುಡಿಯೋಗಳ ಅಗ್ರ ಗಿಟಾರಿಸ್ಟ್ ಗ್ರೇಡಿ ಮಾರ್ಟಿನ್ ಮುಂದೆ ವಿಲ್ಲಿಯ ಬ್ಯಾಂಡಿಗೇ ಬಂದು ಸೇರಿದರು. 2007ರಲ್ಲಿ ನ್ಯೂಯಾರ್ಕಿನ ಜಾಝ್ ವೇದಿಕೆಯಲ್ಲಿ ಟ್ರಂಪೆಟ್ ದಿಗ್ಗಜ ವಿಂಟನ್ ಮಾರ್ಸಾಲಿಸ್ ಇವರ ಜೊತೆ ನುಡಿಸಿದರು, ಮರುವರ್ಷ ಅದು ‘ಟೂ ಮೆನ್ ವಿತ್ ದ ಬ್ಲೂಸ್’ ಆಲ್ಬಮ್ ಆಗಿ ಬಂತು. 1999ರಲ್ಲಿ ವಿಲ್ಲಿ ‘ನೈಟ್ ಅಂಡ್ ಡೇ’ ಅಂತ ಒಂದು ಆಲ್ಬಮ್ ತಂದರು. ಅದರಲ್ಲಿ ಹಾಡೇ ಇಲ್ಲ, ಬರೀ ವಾದನ. ಜಾಂಗೋನ ‘ನ್ಯೂಆಜ್’ ಕೂಡ ಅದರಲ್ಲಿದೆ. ಜಗತ್ತು ಮೆಚ್ಚಿದ ಕಂಠವನ್ನ ಪಕ್ಕಕ್ಕಿಟ್ಟು ‘ಈಗ ಇದನ್ನ ಕೇಳಿ’ ಅಂದ ಹಾಗೆ.

ಭಾಗ 6/6

ಈಗ ನಮ್ಮ ಸವಕಳಿಗೆ ಬರೋಣ. 1969ರಲ್ಲಿ 750 ಡಾಲರ್ ಕೊಟ್ಟು ಕೊಂಡ ಆಸ್ತಿ. ಆಯುಷ್ಯ ಹತ್ತು ವರ್ಷ ಅಂತ ಹಿಡಿದು ಸ್ಟ್ರೇಟ್ ಲೈನ್ ಪದ್ಧತಿಯಲ್ಲಿ ವರ್ಷಕ್ಕೆ 75 ಡಾಲರ್ ಕಳೀತಾ ಬನ್ನಿ. 1979ಕ್ಕೆ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಮರುವರ್ಷ, ಅಂದ್ರೆ 1980ರಲ್ಲಿ, ಅದೇ ಗಿಟಾರಲ್ಲಿ ‘ಏಂಜಲ್ ಫ್ಲೈಯಿಂಗ್ ಟೂ ಕ್ಲೋಸ್ ಟು ದ ಗ್ರೌಂಡ್’ ಬಂತು. ಅದರ ನಡುವಿನ ಸೋಲೋ ಕೇಳಿ. ಸೊನ್ನೆ ಬೆಲೆಯ ವಸ್ತು ಹಾಡೋದು ಹಾಗೆ.

1990ರ ನವೆಂಬರಲ್ಲಿ ಅಮೆರಿಕದ ತೆರಿಗೆ ಇಲಾಖೆ ವಿಲ್ಲಿಯ ಆಸ್ತಿ ಜಪ್ತಿ ಮಾಡಿತು. ಬಾಕಿ 1 ಕೋಟಿ 60 ಲಕ್ಷ ಡಾಲರಿಗೂ ಹೆಚ್ಚು. ಮನೆ, ಜಮೀನು, ಸ್ಟುಡಿಯೋ ಎಲ್ಲಾ ಹೋಯ್ತು. ವಿಲ್ಲಿಗೆ ಚಿಂತೆ ಒಂದರದ್ದೇ. ಟ್ರಿಗರ್ ಹರಾಜಿಗೆ ಹೋಗಬಾರದು ಅಂತ ಮಗಳು ಲಾನಾಗೆ ಹೇಳಿ ಅದನ್ನ ಹವಾಯಿಗೆ ತರಿಸಿಕೊಂಡರು. (ಟ್ಯಾಕ್ಸೇಷನ್ ಪೇಪರಲ್ಲಿ ಇದನ್ನ ಉತ್ತರ ಅಂತ ಬರೀಬೇಡಿ, ಪ್ಲೀಸ್.)

ಸಾಲ ತೀರಿಸೋಕೆ ಅವರು ಒಂದು ಆಲ್ಬಮ್ ಮಾಡಿದರು: ‘ದಿ ಐಆರ್‌ಎಸ್ ಟೇಪ್ಸ್: ಹೂ ವಿಲ್ ಬೈ ಮೈ ಮೆಮೊರೀಸ್’. ತಮ್ಮದೇ ಹಳೇ ಹಾಡುಗಳು, ಒಂದು ಕಂಠ, ಒಂದು ಗಿಟಾರ್. ಬೇರೆ ಏನೂ ಇಲ್ಲ. ಎಲ್ಲಾ ಕಳ್ಕೊಂಡ ಮನುಷ್ಯನ ಹತ್ತಿರ ಏನು ಉಳಿದಿತ್ತು ಅಂತ ಅದರಲ್ಲಿ ಕೇಳಿಸುತ್ತೆ. 1993ಕ್ಕೆ ತೆರಿಗೆ ವ್ಯವಹಾರ ಮುಗೀತು. ಟ್ರಿಗರ್ ವೇದಿಕೆ ಮೇಲೇ ಉಳೀತು.

ನಮ್ಮ ಫೀಡಲ್ಲಿ ದಿನಾ ಬರೋ ಗಿಟಾರ್ ರೀಲ್ಸ್ ನೋಡಿ. ಮೂವತ್ತು ಸೆಕೆಂಡಲ್ಲಿ ಮುನ್ನೂರು ಸ್ವರ. ನಾನೂ ಲೈಕ್ ಮಾಡ್ತೀನಿ. ಆದ್ರೆ ಅದನ್ನೇ ಅಳತೆಗೋಲು ಮಾಡ್ಕೊಂಡು ನಾನು ಒಂದು ವರ್ಷ ‘ನನಗೆ ಸ್ಪೀಡ್ ಇಲ್ಲ’ ಅಂತ ಗಿಟಾರನ್ನ ಮಂಚದ ಕೆಳಗೆ ತಳ್ಳಿದ್ದೆ. ಹೊರಗೆ ತೆಗೆಸಿದ್ದು ಈ ತಾತ. ಈಗಲೂ ಸ್ಪೀಡ್ ಇಲ್ಲ. ದಿನಾ ನುಡಿಸ್ತೀನಿ.

ಇವತ್ತು ರಾತ್ರಿ ‘ಏಂಜಲ್’ ಒಂದ್ಸಲ ಕೇಳಿ. ಹಾಡು ನಿಂತು ಗಿಟಾರ್ ಮಾತಾಡೋಕೆ ಶುರುಮಾಡೋ ಜಾಗ ಬಂದಾಗ ಫೋನ್ ಕೆಳಗಿಡಿ. ಏನನ್ನಿಸ್ತು ಅಂತ ಕಾಮೆಂಟಲ್ಲಿ ಹೇಳಿ. ‘ನಂಗೇನೂ ಅನ್ಸಿಲ್ಲ’ ಅಂದ್ರೂ ಪರವಾಗಿಲ್ಲ. ನನಗೂ ಮೊದಲ ಸಲ ಏನೂ ಅನ್ನಿಸಿರಲಿಲ್ಲ.

#ವಿಲ್ಲಿನೆಲ್ಸನ್ #ಟ್ರಿಗರ್ #ಗಿಟಾರ್ #ಸಂಗೀತದಇತಿಹಾಸ #ಕನ್ನಡದಲ್ಲಿಓದಿ