ಏಳದ ತೋಳು

ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿಯೆಂಬ ಹೆಸರೂ ಉಂಟು, ಅರ್ಬುದವೆಂಬ ಹೆಸರೂ ಉಂಟು. ಒಂದು ಗ್ರೀಕರ ಏಡಿಯನ್ನು ನಮ್ಮ ಮಾತಿಗೆ ಕರೆತಂದದ್ದು. ಇನ್ನೊಂದು ಸುಶ್ರುತಸಂಹಿತೆಯಷ್ಟು ಹಳೆಯದು. ಆದರೆ ಸ್ತನದ ಅರ್ಬುದವನ್ನು ತೆಗೆಸಿಕೊಂಡು ಬಂದ ಹೆಂಗಸಿನ ತೋಳು ಭುಜದಿಂದ ಮೇಲಕ್ಕೆ ಏಳದಿರುವ ಬಾಧೆಗೆ ನಮ್ಮಲ್ಲಿ ಹೆಸರೊಂದನ್ನು ಕೇಳಿದ ನೆನಪಿಲ್ಲ. ಈ ಬಾಧೆಗೆ ನೃತ್ಯವು ಉಪಚಾರವಾಗಿ ಬಂದುದಕ್ಕೆ ಒಂದು ಇತಿಹಾಸವಿದೆ.

ಅಮೆರಿಕೆಯ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ಶಸ್ತ್ರಕ್ರಿಯೆಗಳ ಫಲವನ್ನು ಪ್ರಕಟಿಸಿದನು. (ಜಮಖಂಡಿಯಂತೆ ಪಟವರ್ಧನರ ಆಳಿಕೆಯಲ್ಲಿದ್ದ ಮಿರಜಿನಲ್ಲಿ ವಾನ್ಲೆಸ್ ಸಾಹೇಬನ ಮಿಷನ್ ಆಸ್ಪತ್ರೆ ತೆರೆದದ್ದೂ ಅದೇ ವರ್ಷ, ದೊಡ್ಡ ಬೇನೆಗೆ ಮಿರಜಿಗೆ ಹೋಗುವ ನಮ್ಮ ಕಡೆಯ ರೂಢಿ ಇಂದಿನದಲ್ಲ.) ಸ್ತನ, ಅದರಡಿಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವನ್ನೂ ಒಟ್ಟಿಗೇ ತೆಗೆಯುವದು ಅವನ ಪದ್ಧತಿ. ಸ್ನಾಯು ಹೋದುದರಿಂದ ತೋಳಿನ ಬಲ ಹೋಯಿತು. ಗ್ರಂಥಿ ಹೋದುದರಿಂದ ಕೈಯೊಳಗಿನ ದ್ರವ ಸಾಗುವ ದಾರಿ ಮುಚ್ಚಿ ಕೈ ಬಾತಿತು. 1921ರಲ್ಲಿ ಹಾಲ್‌ಸ್ಟೆಡನೇ ಈ ಬಾವಿನ ಮೇಲೆ ಲೇಖನ ಬರೆದು, ಶಸ್ತ್ರಕ್ರಿಯೆ ತಂದ ಆನೆಕಾಲು ರೋಗವೆಂದು ಅದನ್ನು ಕರೆದನು. ಅಷ್ಟು ದೊಡ್ಡ ಕಡಿತದಿಂದ ಆಯುಷ್ಯವೇನೂ ಹೆಚ್ಚದೆಂದು ತೋರಿಸಲು, ಬರ್ನಾರ್ಡ್ ಫಿಶರ್ 1971ರಲ್ಲಿ ತೊಡಗಿ 1,665 ಸ್ತ್ರೀಯರ ಮೇಲೆ ನಡೆಸಿದ ಪರೀಕ್ಷೆ ಬೇಕಾಯಿತು.

ನಡುವಿನ ಕಾಲದಲ್ಲಿ ತೋಳಿನ ಚಿಂತೆಯನ್ನು ರೋಗಿಗಳೇ ಹಚ್ಚಿಕೊಂಡರು. 1952ರಲ್ಲಿ ನ್ಯೂಯಾರ್ಕಿನಲ್ಲಿ ಶಸ್ತ್ರಕ್ರಿಯೆಯಾದ ಟೆರೀಸ್ ಲಾಸರ್ ಎಂಬಾಕೆ, ಹಿಸುಕಲು ಒಂದು ರಬ್ಬರ್ ಚೆಂಡು, ಜಗ್ಗಲು ಒಂದು ಹಗ್ಗ ಹಿಡಿದು ಇತರ ರೋಗಿಗಳ ಮಂಚದ ಬಳಿ ಹೋಗತೊಡಗಿದಳು. ಕೆಲವು ವೈದ್ಯರು ಸಿಡಿಮಿಡಿಗೊಂಡರು, ಆಕೆ ಬಿಡಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಸುಮಾರು ಹತ್ತು ವರ್ಷಗಳ ತರುವಾಯ ಶೆರಿ ಲೆಬೆಡ್ ಎಂಬ ನರ್ತಕಿ, ಇದೇ ರೋಗದಿಂದ ಕುಗ್ಗಿದ ತನ್ನ ತಾಯಿಗಾಗಿ, ವೈದ್ಯರಾದ ಇಬ್ಬರು ಸೋದರರ ನೆರವಿನಿಂದ ಒಂದು ನೃತ್ಯಕ್ರಮವನ್ನು ರೂಪಿಸಿದಳು. ತಾಳಕ್ಕೆ ಕೈ ಬೀಸುವಾಗ ಗಾಯದ ಬಿಗಿ ಸಡಿಲುವದು. ಸ್ನಾಯು ಒತ್ತಿದಂತೆ ನಿಂತ ದ್ರವ ಮುಂದೆ ಸಾಗುವದು. ಕನೆಕ್ಟಿಕಟ್ ಸಂಸ್ಥಾನದಲ್ಲಿ 12 ವಾರ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯೊಂದು ನನಗೆ ಬಹಳ ಹಿಡಿಸಿತು. ಭುಜದ ಚಲನೆ ಕುಣಿದವರಲ್ಲಿಯೂ ಸುಧಾರಿಸಿತ್ತು, ಕುಣಿಯದವರಲ್ಲಿಯೂ ಸುಧಾರಿಸಿತ್ತು; ಬದುಕಿನ ನೆಮ್ಮದಿ ಮಾತ್ರ ಕುಣಿದವರಲ್ಲಿ ಹೆಚ್ಚಾಗಿತ್ತು. ಪರೀಕ್ಷೆ ಚಿಕ್ಕದು ನಿಜ. ಆದರೂ ತೋಳನ್ನು ಎತ್ತಿಸಲು ವ್ಯಾಯಾಮ ಸಾಕು, ಎತ್ತುವ ಮನಸ್ಸು ಬರಲು ಕುಣಿತ ಬೇಕು ಎಂದೇ ನಾನು ಅದನ್ನು ಓದಿಕೊಂಡೆ.

ನಮ್ಮ ನಾಡಿಗೂ ಈ ಕಥೆಯ ಸಂಬಂಧವಿದೆ. ಹೈದರಾಬಾದಿನ ಭರತನಾಟ್ಯ ಕಲಾವಿದೆ ಆನಂದಾ ಶಂಕರ್ ಜಯಂತ್ ಅವರಿಗೆ 2008ರಲ್ಲಿ ಸ್ತನದ ಕ್ಯಾನ್ಸರ್ ಕಂಡುಬಂತು. ಚಿಕಿತ್ಸೆಯ ನಡುವೆಯೂ ಅವರು ಗೆಜ್ಜೆ ಬಿಚ್ಚಲಿಲ್ಲ. 2009ರ ನವೆಂಬರಿನಲ್ಲಿ ನಮ್ಮ ಮೈಸೂರಿನ ಸಭೆಯೊಂದರಲ್ಲಿ ತಮ್ಮ ಕಥೆಯನ್ನು ಹೇಳಿ, ಸಿಂಹವನ್ನೇರಿದ ದುರ್ಗೆಯಾಗಿ ಕುಣಿದರು. ದುರ್ಗೆಯ ಹದಿನೆಂಟು ತೋಳುಗಳನ್ನು ತಮ್ಮ ಚಿಕಿತ್ಸೆಗಳಿಗೆ ಹೋಲಿಸಿದರು.

ನಮ್ಮ ಭಾಗದಲ್ಲಿ ತೋಳೆಂದರೆ ಅನ್ನ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವದು ಹೆಂಗಸರ ಕೈ. ಮುಧೋಳ, ಬೀಳಗಿಯ ಹೊಲಗಳಲ್ಲಿ ಕಳೆ ತೆಗೆಯುವದೂ ಅದೇ ಕೈ. ಶಸ್ತ್ರಕ್ರಿಯೆಯಾದವಳಿಗೆ "ಕೈ ಆಡಸಬ್ಯಾಡ" ಎಂಬ ಮನೆಯವರ ಅಕ್ಕರೆಯ ಕಟ್ಟಳೆ ಅವಳನ್ನು ಮೂಲೆಗೆ ಕೂಡಿಸಿಬಿಡುವದು. ಆದರೆ ಕೈ ಬಾತ 141 ಜನರಲ್ಲಿ ಸುಮಾರು ಅರ್ಧ ಜನರಿಂದ ಅಳತೆಯರಿತು ಭಾರ ಎತ್ತಿಸಿದಾಗಲೂ, ಎತ್ತದವರಿಗಿಂತ ಅವರಲ್ಲಿ ಬಾವು ಹೆಚ್ಚಲಿಲ್ಲವೆಂದು 2009ರ ಅಮೆರಿಕೆಯ ಪರೀಕ್ಷೆಯೊಂದು ತೋರಿಸಿತು. ಲಾಸರಳ ಹಗ್ಗವಾದರೂ ನಮ್ಮವರಿಗೆ ಹೊಸದೇ? ಪಂಚಮಿಯ ಜೋಕಾಲಿ ಜೀಕಿದವರು ಆ ಹಗ್ಗವನ್ನು ಬಲ್ಲರು. ಕೋಲಾಟದಲ್ಲಿ ಕೈ ತಾನಾಗಿಯೇ ಮೇಲೇಳುವದು. ಫುಗಡಿಗಂತೂ ಎದುರಿಗೊಬ್ಬಳು ಬೇಕೇ ಬೇಕು. ಗಾಯ ಮಾಯ್ದು ವೈದ್ಯರು ಹೂಂ ಎಂದ ಮೇಲೆ ಮೊದಲು ಕೋಲಾಟದ ಮೆಲ್ಲನೆಯ ಸುತ್ತು ಸಾಕು. ಫುಗಡಿಯ ಜಗ್ಗಾಟ ಮುಂದಿನ ಪಂಚಮಿಗಿರಲಿ.